ಬಸ್ಸಿನ ಮೆಟ್ಟಿಲಿಗೆ ಎಡಗಾಲೇಕೆ ಹಿಂದೇಟು ಹಾಕುತ್ತದೆ?

ಪ್ರಶ್ನೆ: ನನಗೀಗ 69. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಎಡಗಾಲಿನ ಹರಡು ಮುರಿದಿತ್ತು. ಮೂಳೆ ಚೆನ್ನಾಗಿ ಕೂಡಿದೆ, ನೋವೂ ಇಲ್ಲ. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಆದರೂ ಬಸ್ಸಿನ ಮೆಟ್ಟಿಲಿಗೆ ಎಡಗಾಲಿಟ್ಟರೆ ಮೈ ಮೇಲೇಳುವುದಿಲ್ಲ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಬಿಟ್ಟಿ, ಹತ್ತಲು ಕಾಲಲ್ಲಿ ಶಕ್ತಿ ಇಲ್ಲ! ವಯಸ್ಸಾಯ್ತು, ಸುಮ್ನಿರು ಅಂತಾರೆ ಮನೆಯಲ್ಲಿ. ಹೌದಾ?
– ಓದುಗರು, ಅರಸೀಕೆರೆ

ಉತ್ತರ: ಸುಮ್ನಿರಬೇಡಿ ಅಮ್ಮಾ. ಸುಮ್ನಿದ್ದರೆ ಇರುವ ಶಕ್ತಿಯೂ ಹೋಗುತ್ತದೆ. ವಯಸ್ಸಾದದ್ದು ಎರಡೂ ಕಾಲಿಗೆ ಅಲ್ವಾ? ಬರೀ ಎಡಗಾಲು ಹಿಂದೆ ಬಿದ್ದಿದೆ ಅಂದರೆ ನನ್ನ ಅನುಮಾನ ಆ ಪ್ಲಾಸ್ಟರಿನ ದಿನಗಳ ಮೇಲೆ. ಮೂಳೆ ತಾನಾಗಿ ಕೂಡುತ್ತದೆ. ಆಗ ಕರಗಿದ ತೊಡೆ, ಮೀನಖಂಡದ ಸ್ನಾಯು ದುಡಿಸದೆ ವಾಪಸ್ ಬರುವುದಿಲ್ಲ. ನೀವು ನಡೆಯುತ್ತೀರಿ, ಒಳ್ಳೆಯದು. ಆದರೆ ಸಮತಟ್ಟಾದ ದಾರಿಯಲ್ಲಿ ಬಲಗಾಲು ಎಡಗಾಲಿನ ಕೆಲಸವನ್ನೂ ಸದ್ದಿಲ್ಲದೆ ಮಾಡಿಬಿಡುತ್ತದೆ.

ಇನ್ನೊಂದು ವಿಷಯ, ಚುರುಕು. ವಯಸ್ಸಾದಂತೆ ಸ್ನಾಯುವಿನಲ್ಲಿ ವೇಗದ ಎಳೆಗಳೇ ಜಾಸ್ತಿ ಸವೆಯುತ್ತವೆ. ಹಾಗಾಗಿ ಬಲಕ್ಕಿಂತ ಮೊದಲು ಚುರುಕು ಇಳಿಯುತ್ತದೆ. ಎಡವಿದಾಗ ಕಾಪಾಡುವುದು ಅದೇ. ಇನ್ನೊಂದು ಕಾಲು ತಕ್ಷಣ ಮುಂದೆ ಬಂದು ಊರಬೇಕು. 65 ದಾಟಿದ ಹೆಂಗಸರ ಬಗ್ಗೆ 2002ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನವೊಂದರಲ್ಲಿ, ಪದೇ ಪದೇ ಬೀಳುವವರ ಎರಡು ಕಾಲುಗಳ ನಡುವೆ ಈ ಚುರುಕಿನ ವ್ಯತ್ಯಾಸ ಜಾಸ್ತಿ ಕಂಡಿತ್ತು.

ಮನೆಯಲ್ಲೇ ನೋಡಿಕೊಳ್ಳಿ. ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಎದೆಗೆ ಕಟ್ಟಿ 5 ಸಲ ಎದ್ದು ಕೂರಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲು ಸೋತಿದೆ ಎಂದೇ ಲೆಕ್ಕ. ಆದರೆ ಇಲ್ಲೂ ಬಲಗಾಲು ಮೋಸ ಮಾಡುತ್ತದೆ! ಎಡಪಾದವನ್ನು ಒಂದು ಗೇಣು ಹಿಂದಕ್ಕಿಟ್ಟು ಏಳಿ. ಹಿಂದಿನ ಕಾಲಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಆಮೇಲೆ ಬಲಪಾದ ಹಿಂದಿಟ್ಟು ಏಳಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ವ್ಯಾಯಾಮವೂ ಇದೇ. ಎಡಪಾದ ಹಿಂದಿಟ್ಟು ಬೇಗನೆ ಏಳಿ, ಮೂರು ಎಣಿಸುತ್ತಾ ನಿಧಾನ ಕೂರಿ. ಉಸಿರು ಕಟ್ಟಬೇಡಿ. 8 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ 8. ಬಲಗಾಲಿಗೂ ಒಂದು ಸರದಿ ಕೊಡಿ. ಆಮೇಲೆ ಮನೆಯ ಮೆಟ್ಟಿಲಿನ ಕಂಬಿ ಹಿಡಿದು, ಎಡಗಾಲನ್ನು ಮೊದಲ ಮೆಟ್ಟಿಲಿಗಿಟ್ಟು ಮೇಲೇಳಿ. ಕೆಳಗಿರುವ ಬಲಗಾಲಿನ ತುದಿಯಿಂದ ನೂಕಬಾರದು, ಎಲ್ಲರೂ ನೂಕುತ್ತಾರೆ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿ. ಇದೆಲ್ಲ ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಹಗುರ ಅನಿಸತೊಡಗಿದರೆ ಕುರ್ಚಿಯಿಂದ ಏಳುವಾಗ ಕೈಗೊಂದು ನೀರಿನ ಬಾಟಲಿ ಹಿಡಿಯಿರಿ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗದಲ್ಲಿ 90ರ ಆಸುಪಾಸಿನ ವೃದ್ಧರು 8 ವಾರ ಭಾರ ಎತ್ತಿ ಕಾಲಿನ ಬಲವನ್ನು ದುಪ್ಪಟ್ಟಿಗಿಂತ ಜಾಸ್ತಿ ಮಾಡಿಕೊಂಡಿದ್ದರು. ನಿಮಗಿನ್ನೂ 69!

ಊಟದಲ್ಲಿ ಬರೀ ತಿಳಿಸಾರು ಸಾಲದು. ಬೇಳೆ, ಮೊಳಕೆಕಾಳು, ಮೊಸರು ಇರಲಿ. ತಿನ್ನುವುದಾದರೆ ಮೊಟ್ಟೆಯೂ.

ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಶುರುಮಾಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಸೊಂಟದಿಂದ ಕಾಲಿಗೆ ಜೋಮು ಇಳಿಯುತ್ತಿದ್ದರೂ ತೋರಿಸಿ. ಒಂದು ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದು ಬೇರೆಯೇ ಕಥೆ.

ಬಸ್ಸಿಗೆ ಸದ್ಯಕ್ಕೆ ಹೀಗೆ ಮಾಡಿ. ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ಎಡಗಾಲು ಮೊದಲು. ಚೀಲವನ್ನು ಹೆಗಲಿಗೆ ಹಾಕಿಕೊಳ್ಳಿ, ಕೈ ಕಂಬಿಗಿರಲಿ. ಕಂಡಕ್ಟರ್ ರೈಟ್ ಅನ್ನಲು ಆತುರಪಟ್ಟರೆ ‘ಇರಪ್ಪಾ, ಹತ್ತುತ್ತಾ ಇದ್ದೀನಿ’ ಅಂತ ಗಟ್ಟಿಯಾಗಿ ಹೇಳಿ.