ನಿಲ್ದಾಣದ ಮುಂದಿನ ಚೌಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು. ನೂರು ವರ್ಷ ದಾಟಿದ ರೈಲು ನಿಲ್ದಾಣ, ಅದರ ಎದುರು ವಾಹನಗಳೇ ತುಂಬಿದ ಬಯಲು. ಅದನ್ನು ನಡೆಯುವವರಿಗೆ ಬಿಡಿಸಿಕೊಡುವುದು ಹೇಗೆ? ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗಾಡಿ ನಿಲ್ಲಿಸುವುದನ್ನು ತಪ್ಪಿಸಿ, ಇಡೀ ಚೌಕಕ್ಕೆ ಕಲ್ಲು ಹಾಸಿದರೆ ಸಾಲದೆ? ಕೆಲಸ ಎಲ್ಲಿಂದ ಶುರುವಾಗಬೇಕು?

ಸಾಲದು. ಕಲ್ಲಿನ ಮಾತು ಆಮೇಲೆ, ಮೊದಲು ಎಣಿಕೆ. ನಿಲ್ದಾಣದಿಂದ ಜನ ಒಂದೇ ಸಮನೆ ಹೊರಬರುವುದಿಲ್ಲ. ರೈಲು ಬಂದಾಗ ಒಮ್ಮೆಗೇ ನುಗ್ಗುತ್ತಾರೆ, ಐದಾರು ನಿಮಿಷದಲ್ಲಿ ಚೌಕ ಮತ್ತೆ ಖಾಲಿ. ಹಾಗಾಗಿ ಗಂಟೆಗೆ ಇಷ್ಟು ಜನ ಎಂಬ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ವಾರದ ನಡುವಿನ ಎರಡು ದಿನ ಮತ್ತು ಒಂದು ರಜಾದಿನ, ದಟ್ಟಣೆಯ ಹೊತ್ತಿನಲ್ಲಿ, ಪ್ರತಿ ಬಾಗಿಲಲ್ಲೂ ಒಂದೊಂದು ನಿಮಿಷದ ಎಣಿಕೆ ತೆಗೆಯಿರಿ.

ಎರಡು ರೈಲು ಒಟ್ಟಿಗೆ ಬಂದು 1,800 ಜನ 6 ನಿಮಿಷದಲ್ಲಿ ಹೊರಬಿದ್ದರು ಎಂದುಕೊಳ್ಳಿ. ನಿಮಿಷಕ್ಕೆ 300 ಆಯಿತು. ಪಾದಚಾರಿ ದಾರಿಗಳಿಗೆ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಗೊತ್ತುಮಾಡಿದ ದರ್ಜೆಗಳನ್ನು ಇಂದಿಗೂ ಬಳಸುತ್ತಾರೆ. ಅದರಲ್ಲಿ ಆರಾಮವಾಗಿ ನಡೆಯಬಹುದಾದ ‘ಬಿ’ ದರ್ಜೆಯ ಮೇಲಿನ ಮಿತಿ, ದಾರಿಯ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 33 ಜನ. 300ನ್ನು 33ರಿಂದ ಭಾಗಿಸಿದರೆ 9 ಮೀಟರ್ ಚಿಲ್ಲರೆ. ಗೋಡೆಗೋ ಬೆಂಚಿಗೋ ಮೈ ತಾಗಿಸಿಕೊಂಡು ಯಾರೂ ನಡೆಯುವುದಿಲ್ಲವಾದ್ದರಿಂದ ಎರಡು ಬದಿಗೂ ಅರ್ಧರ್ಧ ಮೀಟರ್ ಸೇರಿಸಿ, 10 ಮೀಟರ್ ಎನ್ನಿ. ಬಸ್ಸಿನ ಕಡೆಗೆ ಅರ್ಧ, ಪೇಟೆಯ ಕಡೆಗೆ ಅರ್ಧ ಜನ ಹೋಗುವುದಾದರೆ ಅಗಲವನ್ನೂ ಹಾಗೆಯೇ ಹಂಚಬೇಕು.

ಈ ದಾರಿಗಳನ್ನು ನಕ್ಷೆಯ ಮೇಲೆ ನೇರ ಗೆರೆಯಾಗಿ ಎಳೆಯಿರಿ, ಏಕೆಂದರೆ ಜನ ನಡೆಯುವುದೂ ನೇರವಾಗಿಯೇ. ಗೆರೆಗಳ ನಡುವೆ ಉಳಿದ ತುಂಡುಗಳಲ್ಲಿ ಬೆಂಚು, ಮರ, ಕಾರಂಜಿ ಏನು ಬೇಕಾದರೂ ಬರಲಿ. ಮುಖ್ಯ ಬಾಗಿಲಿನ ಎದುರು ನಟ್ಟನಡುವೆ ಕಾರಂಜಿ ಇಡುವ ಆಸೆ ಎಲ್ಲರಿಗೂ ಇರುತ್ತದೆ, ಆ ಆಸೆಯನ್ನು ಕೈಬಿಡಿ. ಬಾಗಿಲು ದಾಟಿದ ಕೂಡಲೇ ಜನ ಛತ್ರಿ ಬಿಚ್ಚಲು, ಫೋನ್ ನೋಡಲು, ಜೊತೆಯವರಿಗೆ ಕಾಯಲು ನಿಂತುಬಿಡುತ್ತಾರೆ. ಅಲ್ಲಿ ಐದಾರು ಮೀಟರ್ ಪೂರ್ತಿ ಖಾಲಿ ಇರಬೇಕು.

ಪ್ರಶ್ನೆ: ಚೌಕದ ನೆಲವನ್ನು ನಿಲ್ದಾಣದ ಒಳನೆಲದ ಮಟ್ಟಕ್ಕೆ ಏರಿಸಿದರೆ ಮೆಟ್ಟಿಲೇ ಇರುವುದಿಲ್ಲ, ಗಾಲಿಕುರ್ಚಿಗೆ ಸಲೀಸು. ಇದರಿಂದ ಹಳೆಯ ಗೋಡೆಗೆ ತೊಂದರೆಯಾದೀತೆ?

ಆಗುತ್ತದೆ. ಕೆಲಸ ಮುಗಿದು ಬಿಲ್ ಪಾಸಾಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ ಯಾರೂ ಹೊಣೆ ಹೊರುವುದಿಲ್ಲ.

ಹಳೆಯ ನಿಲ್ದಾಣಗಳ ಗೋಡೆ ಸಾಮಾನ್ಯವಾಗಿ ಸುಣ್ಣದ ಗಾರೆಯದು. ಅದು ನೆಲದ ತೇವವನ್ನು ಸ್ವಲ್ಪ ಹೀರುತ್ತದೆ, ಬುಡದ ಕಟ್ಟೆಯ ಮೈಯಿಂದಲೇ ಅದನ್ನು ಆರಿಸಿಕೊಳ್ಳುತ್ತದೆ. ಆ ಬುಡವನ್ನು ಮಣ್ಣು, ಕಾಂಕ್ರೀಟಿನಲ್ಲಿ ಹೂತರೆ ತೇವಕ್ಕೆ ಹೊರಹೋಗಲು ದಾರಿ ಇರುವುದಿಲ್ಲ, ಅದು ಗೋಡೆಯೊಳಗೇ ಮೇಲೇರುತ್ತದೆ. ಆರುವಾಗ ಅದರಲ್ಲಿನ ಉಪ್ಪು ಕಲ್ಲಿನ ಮೈಯ ಹಿಂದೆ ಹರಳುಗಟ್ಟಿ ಹಿಗ್ಗುತ್ತದೆ. ಮೊದಲು ಬಿಳಿ ಬೂಷ್ಟಿನಂಥ ಪುಡಿ, ಆಮೇಲೆ ಕಲ್ಲಿನ ಮೇಲ್ಪದರವೇ ಹಪ್ಪಳದ ಹಾಗೆ ಏಳುತ್ತದೆ. ಆಗ ಯಾರಾದರೂ ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಇನ್ನೊಂದು ಅಡಿ ಮೇಲೆ ಹೋಗಿ ಅಲ್ಲಿ ಅದೇ ಕೆಲಸ ಶುರುಮಾಡುತ್ತದೆ.

ಮಾಡಬೇಕಾದ್ದು ಹೀಗೆ. ಗೋಡೆಯ ತೇವತಡೆ ಪದರ ಯಾವ ಮಟ್ಟದಲ್ಲಿದೆ ಎಂದು ಮೊದಲು ಗುರುತಿಸಿ. ಅದು ಸಿಗದಿದ್ದರೆ ಬುಡದ ಕಟ್ಟೆಯ ಮೇಲಂಚನ್ನೇ ಹಿಡಿಯಿರಿ. ಹೊಸ ನೆಲ ಅದಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಲಿ. ಗೋಡೆಯ ಉದ್ದಕ್ಕೂ 300 ಮಿ.ಮೀ. ಅಗಲ ಗಟ್ಟಿ ಹಾಸು ಬೇಡ, ಜಲ್ಲಿ ತುಂಬಿ. ಅದರಾಚೆ ನೆಲದ ವಾಟ ಗೋಡೆಯಿಂದ ಹೊರಮುಖವಾಗಿ 60ಕ್ಕೆ 1 (60 ಮೀಟರಿಗೆ 1 ಮೀಟರ್ ಇಳಿತ) ಇರಲಿ. ಜಲ್ಲಿಯ ಕೆಳಗೆ ತೂತಿನ ಪೈಪ್ ಹಾಕುವುದಾದರೆ ಮೊದಲು ಮೂರು ನಾಲ್ಕು ಕಡೆ ಪರೀಕ್ಷಾ ಗುಂಡಿ ತೋಡಿ ಪಾಯ ಎಷ್ಟು ಆಳದಲ್ಲಿದೆ ನೋಡಿಕೊಳ್ಳಿ. ಹಳೆಯ ಪಾಯ ನಾವೆಣಿಸಿದ್ದಕ್ಕಿಂತ ಮೇಲೇ ಇರುವುದು ಅಪರೂಪವಲ್ಲ. ಪಾಯದ ತಳಕ್ಕಿಂತ ಕೆಳಗೆ ಗೋಡೆಯ ಪಕ್ಕದಲ್ಲೇ ಚರಂಡಿ ತೋಡಿದರೆ ತೇವದ ಬದಲು ಬಿರುಕಿನ ಚಿಂತೆ ಹತ್ತಿಕೊಳ್ಳುತ್ತದೆ.

ಹಾಗಾದರೆ ಗಾಲಿಕುರ್ಚಿ? ಬಾಗಿಲಿನ ಎದುರು ಮಾತ್ರ ನೆಲವನ್ನು ಏರಿಸಿ, ಗೋಡೆಯ ಉದ್ದಕ್ಕೂ ಬೇಡ. ಹೊಸ್ತಿಲು ನೆಲಕ್ಕಿಂತ 360 ಮಿ.ಮೀ. ಎತ್ತರ ಇದ್ದರೆ, 20ಕ್ಕೆ 1ರ ಇಳಿಜಾರಿಗೆ 7.2 ಮೀಟರ್ ಉದ್ದ ಬೇಕು. ಇಷ್ಟು ಹಗುರವಾದ ಇಳಿಜಾರು ನಡೆಯುವಾಗ ಗೊತ್ತೇ ಆಗುವುದಿಲ್ಲ. 12ಕ್ಕೆ 1 ಮಾಡಿದರೆ 4.32 ಮೀಟರಿನಲ್ಲಿ ಮುಗಿಯುತ್ತದೆ, ಆದರೆ ಅದು ಹಿಡಿದುಕೊಳ್ಳಲು ಕೈಕಂಬಿ ಬೇಡುವ ರ‍್ಯಾಂಪ್, ಹಳೆಯ ಕಟ್ಟಡದ ಮುಖಕ್ಕೆ ಕಬ್ಬಿಣದ ಬೇಲಿ ಕಟ್ಟಿದಂತೆ ಕಾಣುತ್ತದೆ. ಜಾಗ ಇದ್ದರೆ ಮೊದಲನೆಯದೇ ಮೇಲು. ಹೊಸ್ತಿಲ ಮುಂದೆ ಅಡ್ಡಲಾಗಿ ಒಂದು ಜಾಲರಿ ಚರಂಡಿ ಬೇಕು. ಜಾಲರಿಯ ಸಂದು 13 ಮಿ.ಮೀ. ಮೀರಬಾರದು. ಸಂದುಗಳು ಜನ ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು, ಇಲ್ಲವಾದರೆ ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಹೊಸದಾಗಿ ಹಾಸಿದ ಗ್ರಾನೈಟ್ ಚಪ್ಪಡಿಗಳು ವರ್ಷದೊಳಗೆ ಅಲುಗಾಡತೊಡಗಿವೆ, ಕೆಲವು ಒಡೆದಿವೆ. ಕಲ್ಲು ಕಳಪೆಯೇ?

ಬಹುಶಃ ಕಲ್ಲಿನ ತಪ್ಪಲ್ಲ. ಪಾದಚಾರಿಗಳಿಗೆಂದು ಮಾಡಿದ ಚೌಕಕ್ಕೂ ರಾತ್ರಿ ಕಸದ ಲಾರಿ ಬರುತ್ತದೆ, ಅಂಗಡಿಗಳಿಗೆ ಸರಕು ಬರುತ್ತದೆ, ಅಗ್ನಿಶಾಮಕ ವಾಹನಕ್ಕಂತೂ ದಾರಿ ಇರಲೇಬೇಕು. ವಿನ್ಯಾಸದಲ್ಲಿ ಇವನ್ನು ಮರೆತಿದ್ದರೆ 900×600 ಅಳತೆಯ, 50 ಮಿ.ಮೀ. ದಪ್ಪದ ಚಪ್ಪಡಿ ಚಕ್ರದ ಕೆಳಗೆ ಸಿಕ್ಕಿ ಒಡೆಯುತ್ತದೆ. ವಾಹನ ಓಡಾಡುವ ಪಟ್ಟಿಯಲ್ಲಿ 200×100 ಅಳತೆಯ, 100 ಮಿ.ಮೀ. ದಪ್ಪದ ಸಣ್ಣ ಕಲ್ಲು ಹಾಕಿ. ದೊಡ್ಡ ಚಪ್ಪಡಿ ಚಕ್ರ ಮುಟ್ಟದ ಕಡೆ ಇರಲಿ.

ಎರಡನೆಯ ಕಾರಣ ತಳಹದಿ. ಅಲುಗಾಡುವ ಜಲ್ಲಿ ಪದರದ ಮೇಲೆ ಸಿಮೆಂಟ್ ಗಾರೆಯಲ್ಲಿ ಕಲ್ಲು ಕೂರಿಸಿ ಸಂದಿಗೂ ಗಾರೆ ತುಂಬಿದರೆ, ಕೆಳಗಿನದು ಬಾಗುತ್ತದೆ, ಮೇಲಿನದು ಬಾಗಲಾರದೆ ಬಿರಿಯುತ್ತದೆ. ಜಲ್ಲಿ ತಳಕ್ಕೆ ಮರಳಿನ ಹಾಸು, ಮರಳಿನ ಸಂದು. ಗಾರೆಯೇ ಬೇಕೆಂದರೆ ಕೆಳಗೆ ಕಾಂಕ್ರೀಟ್ ತಳವಿರಲಿ, ಹಿಗ್ಗಿ ಕುಗ್ಗಲು ಸುಮಾರು 6 ಮೀಟರಿಗೊಂದು ಸಂದು ಬಿಡಿ. ಎರಡನ್ನೂ ಬೆರೆಸಬೇಡಿ.

ಒಡೆದಿರುವುದು ಎಲ್ಲಿ ಎಂದು ಒಮ್ಮೆ ನೋಡಿಕೊಂಡು ಬನ್ನಿ. ಮ್ಯಾನ್‌ಹೋಲ್ ಸುತ್ತಲೇ ಹೆಚ್ಚು ಎಂದು ನಮ್ಮ ಊಹೆ. ಮುಚ್ಚಳ ಓರೆಯಾಗಿ ಕೂತಿದ್ದರೆ ಸುತ್ತ ತ್ರಿಕೋನದ ಚೂರು ಕಲ್ಲುಗಳನ್ನು ತುರುಕುತ್ತಾರೆ, ಮೊದಲು ಕಿತ್ತುಬರುವುದು ಅವೇ. ಹಾಸಿನ ಸಾಲಿಗೆ ಚೌಕಟ್ಟನ್ನು ತಿರುಗಿಸಿಕೊಂಡು, ಕಲ್ಲು ತುಂಬುವ ತಟ್ಟೆಯಂಥ ಮುಚ್ಚಳ ಹಾಕಿಸಿ. ಇನ್ನೊಂದು ಮಾತು: ನೆಲಕ್ಕೆ ಪಾಲಿಶ್ ಮಾಡಿದ ಕಲ್ಲು ಬೇಡವೇ ಬೇಡ. ಒದ್ದೆಯಾದಾಗ, ನೆಲ ಎಷ್ಟು ಜಾರುತ್ತದೆ ಎಂದು ಅಳೆಯುವ ಲೋಲಕ ಪರೀಕ್ಷೆಯಲ್ಲಿ 36ಕ್ಕಿಂತ ಕಡಿಮೆ ಬರುವ ಕಲ್ಲನ್ನು ತಿರಸ್ಕರಿಸಿ.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಕರ್ಬ್ (ರಸ್ತೆಯಂಚಿನ ಕಟ್ಟೆ) ಇಲ್ಲದ ಸಮತಟ್ಟು ಚೌಕವನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಅಲ್ಲಿ ದಿಕ್ಕೇ ತಪ್ಪುತ್ತದೆ.

ನಿಮ್ಮ ದೂರು ಸರಿಯಾಗಿದೆ, ವಿನ್ಯಾಸಕಾರರು ಇದನ್ನು ಕಡೆಗಣಿಸುವುದೇ ಹೆಚ್ಚು. ವಾಹನ ಓಡಾಡುವ ಅಂಚಿನಲ್ಲಿ ಕನಿಷ್ಠ 60 ಮಿ.ಮೀ. ಎತ್ತರದ ಕರ್ಬ್ ಇರಬೇಕು, ಅದಕ್ಕಿಂತ ತಗ್ಗಾದದ್ದು ಕೋಲಿಗೂ ಪಾದಕ್ಕೂ ನಂಬಿಕೆಯಿಂದ ಸಿಗುವುದಿಲ್ಲ. ದಾಟುವಲ್ಲಿ ಮಾತ್ರ ತಗ್ಗಿಸಿ ಗುಬುಟಿನ ಎಚ್ಚರಿಕೆ ಹಾಸು ಹಾಕಬೇಕು. ಮುಖ್ಯ ಬಾಗಿಲಿನಿಂದ ಬಸ್ ತಂಗುದಾಣ ಮತ್ತು ಟ್ಯಾಕ್ಸಿ ಸಾಲಿಗೆ ಉಬ್ಬುಗೆರೆಯ ಪಟ್ಟಿ ಒಂದೂ ಕಡೆ ಕಡಿಯದೆ ಸಾಗಬೇಕು. ಕಲ್ಲಿನ ಬಣ್ಣಕ್ಕೆ ಹೊಂದಲಿ ಎಂದು ಪಟ್ಟಿಯನ್ನೂ ಬೂದು ಮಾಡಿದರೆ ಅರೆದೃಷ್ಟಿಯವರಿಗೆ ಅದು ಇದ್ದೂ ಇಲ್ಲದಂತೆ.

ಪ್ರಶ್ನೆ: ಟ್ಯಾಕ್ಸಿ, ಬಿಡಲು ಬರುವ ಕಾರು, ಬಸ್ಸು, ಸೈಕಲ್ಲು ಎಲ್ಲಿಗೆ ಹೋಗಬೇಕು?

ಚೌಕದ ಪಕ್ಕಕ್ಕೆ. ಅಂಗವಿಕಲರ ಕಾರಿಗೆ ಬಾಗಿಲಿನಿಂದ 50 ಮೀಟರಿನೊಳಗೆ ಜಾಗ ಕೊಡಿ, ಉಳಿದವರು 100 ಮೀಟರ್ ನಡೆಯಲಿ. ಎಷ್ಟು ಜಾಗ ಬೇಕೆಂಬ ಲೆಕ್ಕ ಸುಲಭ: ದಟ್ಟಣೆಯ ಗಂಟೆಯಲ್ಲಿ 120 ಕಾರು ಬಂದು ಸರಾಸರಿ 3 ನಿಮಿಷ ನಿಂತರೆ ಒಂದೇ ಹೊತ್ತಿಗೆ 6 ಕಾರು. ಸಮನಾಗಿ ಬರುವುದಿಲ್ಲವಾದ್ದರಿಂದ 9 ಗುರುತು ಹಾಕಿ. 12 ಮೀಟರ್ ಬಸ್ಸಿಗೆ ತಿರುಗಲು ಹೊರಗಡೆ 12.5 ಮೀಟರ್, ಒಳಗಡೆ 5.3 ಮೀಟರ್ ತ್ರಿಜ್ಯದ ಉಂಗುರ ಬೇಕು. ಶಾಶ್ವತ ಕೆಲಸಕ್ಕೆ ಮೊದಲು ಮೂರು ತಿಂಗಳು ಬಣ್ಣ, ಹೂಕುಂಡ, ಕೋನ್ ಇಟ್ಟು ನಡೆಸಿ ನೋಡಿ. ಚಾಲಕರು ಮೂಲೆ ಕತ್ತರಿಸುವ ಜಾಗ ಚಕ್ರದ ಗುರುತಿನಲ್ಲೇ ಕಾಣುತ್ತದೆ.

ಕಾರು ನುಗ್ಗದಂತೆ ಬೋಲಾರ್ಡ್ (ಗಿಡ್ಡ ತಡೆಗಂಬ) ನೆಡುವಾಗ ನಡುವಿನ ತೆರಪು 1.2 ಮೀಟರ್ ಮೀರದಿರಲಿ. ಸೈಕಲ್ಲಿಗೆ ನೆದರ್ಲೆಂಡ್ಸಿನ ಉಟ್ರೆಕ್ಟ್‌ನವರು ನೆಲದಡಿ ಹೋದರು: 2019ರಲ್ಲಿ ಪೂರ್ತಿಯಾದ ಅಲ್ಲಿನ ನಿಲ್ದಾಣದ ಸೈಕಲ್ ತಾಣದಲ್ಲಿ 12,500 ಸೈಕಲ್ ನಿಲ್ಲುತ್ತವೆ.

ಪ್ರಶ್ನೆ: ನೆರಳಿಗೆ ಮರ, ಮಳೆಗೆ ದೊಡ್ಡ ಚಪ್ಪರ, ರಾತ್ರಿ ಕಟ್ಟಡಕ್ಕೆ ದೀಪ ಬೇಕೆಂಬುದು ನಮ್ಮ ಸಮಿತಿಯ ಆಸೆ. ತಪ್ಪೇನಾದರೂ ಇದೆಯೇ?

ಚಪ್ಪರದಲ್ಲಿ ಇದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಮುಂಭಾಗ ಲೂಯಿಸ್ ಕ್ಯೂಬಿಟ್ ವಿನ್ಯಾಸದ್ದು, 1852ರದು. 1970ರ ದಶಕದಲ್ಲಿ ಅದಕ್ಕೆ ಅಂಟಿಸಿದ ‘ತಾತ್ಕಾಲಿಕ’ ಕಟ್ಟಡ ಸುಮಾರು ನಲವತ್ತು ವರ್ಷ ಅದನ್ನು ಮುಚ್ಚಿತ್ತು. ಅದನ್ನು ಕೆಡವಿ 2013ರಲ್ಲಿ ಚೌಕ ತೆರೆದಾಗಲೇ ಆ ಎರಡು ಕಮಾನುಗಳು ಪೂರ್ತಿ ಕಂಡದ್ದು. ಕಟ್ಟಡ ಒಂದೇ ನೋಟಕ್ಕೆ ಸಿಗಬೇಕಾದರೆ ಅದರ ಎತ್ತರದ ಎರಡರಷ್ಟು ದೂರ ಬೇಕು; 15 ಮೀಟರ್ ಎತ್ತರಕ್ಕೆ 30 ಮೀಟರ್. ಆ ಜಾಗದ ನಡುವನ್ನು ತೆರೆದಿಡಿ, ಮರಗಳು ಬದಿಗಳಲ್ಲಿ ಬರಲಿ.

ಮಧ್ಯಮ ಗಾತ್ರದ ಒಂದು ಮರಕ್ಕೆ 15ರಿಂದ 20 ಘನ ಮೀಟರ್ ಸಡಿಲ ಮಣ್ಣು ಬೇಕು. ಒಂದು ಮೀಟರ್ ಚೌಕದ ಗುಂಡಿಯಲ್ಲಿ ನೆಟ್ಟದ್ದು ಕುಬ್ಜವಾಗುತ್ತದೆ, ಇಲ್ಲವೇ ಬೇರು ಹಾಸನ್ನು ಎತ್ತುತ್ತದೆ.

ದೀಪದ ಕ್ಲಾಂಪುಗಳಿಗೆ ಕಲ್ಲನ್ನು ಕೊರೆಯಬೇಡಿ, ಗಾರೆಯ ಸಂದಿಯಲ್ಲಿ ಕೂರಿಸಿ. ತೆಗೆದ ದಿನ ಸಂದಿಗೆ ಮತ್ತೆ ಸುಣ್ಣದ ಗಾರೆ ತುಂಬಿದರೆ ಗುರುತೇ ಉಳಿಯದು. ಮೊಳೆ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ. ಸಾದಾ ಕಬ್ಬಿಣ ತುಕ್ಕು ಹಿಡಿದಾಗ ಉಬ್ಬಿ ಕಲ್ಲನ್ನು ಸೀಳುತ್ತದೆ.