ಬೇಸಿಕ್ ಇಎಂಟಿಗೆ ಪಲ್ಸ್ ಆಕ್ಸಿಮೀಟರ್ ಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬೇಸಿಕ್ ಇಎಂಟಿ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರ ಮೊದಲ ಹಂತ) ಕೋರ್ಸ್ ಮುಗಿಸಿ ಊರಿನ ಟ್ರಸ್ಟ್ ಒಂದರ ಆಂಬುಲೆನ್ಸ್ ಸೇರಿದ್ದೀರಿ. ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ, ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಮಟ್ಟ ನೂರಕ್ಕೆ ಎಷ್ಟು ಅಂತ ತೋರಿಸುವ ಬೆರಳ ಕ್ಲಿಪ್) ಇಲ್ಲ. ಸ್ವಂತ ದುಡ್ಡಲ್ಲಿ ಒಂದು ತಗೊಳ್ಳೋಣ ಅಂದರೆ ಜೊತೆಗಿರುವ ಹಿರಿಯರು "ನಮ್ಮ ಲೆವೆಲ್‌ಗೆ ಅದೆಲ್ಲ ಬೇಡ, ರೋಗಿ ಮುಖ ನೋಡು, ನಂಬರ್ ನೋಡ್ಬೇಡ" ಅಂದಿದ್ದಾರೆ. ಯಾರು ಸರಿ ಅಂತ ಕೇಳಿದ್ದೀರಿ.

ತಗೊಳ್ಳಿ. ಆದರೆ ನಿಮ್ಮ ಹಿರಿಯರ ಮಾತು ಪೂರ್ತಿ ತಪ್ಪಲ್ಲ. ಅವರು ಹೇಳಿದ ಕಾರಣ ಸರಿ, ಅದರಿಂದ ಎಳೆದ ತೀರ್ಮಾನ ತಪ್ಪು. ನಾನು ಹಾಸನ ಜಿಲ್ಲೆಯ ಮಲೆನಾಡು ಕಡೆ ಒಂಬತ್ತು ವರ್ಷದಿಂದ ಆಂಬುಲೆನ್ಸ್‌ನಲ್ಲಿ ಇಎಂಟಿ. ಈ ಯಂತ್ರವನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ. ಅದನ್ನೇ ಮೊದಲು ಹೇಳಿಬಿಡ್ತೀನಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಸಕಲೇಶಪುರದ ಆಚೆ ಒಂದು ಕಾಫಿ ತೋಟದ ಲೈನ್ ಮನೆಯಿಂದ ಕರೆ ಬಂತು. ಎಪ್ಪತ್ತರ ಆಸುಪಾಸಿನ ಅಜ್ಜ, ನಲವತ್ತು ವರ್ಷದ ಬೀಡಿ. ಗೋಡೆಗೆ ಕೈಕೊಟ್ಟು ಕೂತು ಏದುಸಿರು ಬಿಡುತ್ತಿದ್ದರು. ಬೆರಳಿಗೆ ಕ್ಲಿಪ್ ಹಾಕಿದೆ, 84. ನನಗೆ ಗಾಬರಿ. ಚೀಲ ಇರುವ ದೊಡ್ಡ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಬಿಟ್ಟೆ. ಹತ್ತು ನಿಮಿಷದಲ್ಲಿ 99. ಅಜ್ಜನ ಒದ್ದಾಟ ನಿಂತಿತು, ಕಣ್ಣು ಮುಚ್ಚಿದರು. "ಆರಾಮಾಗಿ ಮಲಗಿದ್ರು ನೋಡಿ" ಅಂತ ಅವರ ಮಗನಿಗೆ ಹೇಳಿದ್ದೂ ನಾನೇ. ಗಂಟೆಗೂ ಮೇಲಿನ ದಾರಿ. ಆಸ್ಪತ್ರೆಯಲ್ಲಿ ಇಳಿಸುವಾಗ ಅಜ್ಜನನ್ನು ಎಬ್ಬಿಸಲು ಆಗಲಿಲ್ಲ. ಡ್ಯೂಟಿ ಡಾಕ್ಟರ್ ಮಾಸ್ಕ್ ನೋಡಿದರು, ನನ್ನ ಮುಖ ನೋಡಿದರು. "ಎಷ್ಟು ಲೀಟರ್? ಎಷ್ಟು ಹೊತ್ತಿಂದ?" ಅಂತ ಕೇಳಿದರು.

ಅಜ್ಜ ಮಲಗಿರಲಿಲ್ಲ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡು ಮಂಪರು ಬಂದಿತ್ತು. ವರ್ಷಗಟ್ಟಲೆ ಬೀಡಿ ಸೇದಿದವರ, ಸೌದೆ ಒಲೆ ಮುಂದೆ ಕೂತ ಅಜ್ಜಿಯರ ಶ್ವಾಸಕೋಶ ಹಾಳಾಗಿರುತ್ತದಲ್ಲ, ಡಾಕ್ಟರ್‌ಗಳು ಸಿಒಪಿಡಿ ಅಂತಾರೆ, ಅಂಥವರಲ್ಲಿ ಕೆಲವರಿಗೆ ಆಕ್ಸಿಜನ್ ಅತಿಯಾದರೆ ಹೀಗಾಗುತ್ತದೆ. ಪುಣ್ಯಕ್ಕೆ ಅವರು ಉಳಿದರು, ಎರಡು ವಾರಕ್ಕೆ ಮನೆಗೂ ಹೋದರು.

ಇದನ್ನು ಕೇಳಿದರೆ ನಿಮ್ಮ ಹಿರಿಯರು "ನೋಡಿದ್ಯಾ, ನಂಬರ್ ನೋಡಿ ಕೆಟ್ಟ" ಅನ್ನಬಹುದು. ನಾನು ಬೇರೆ ಥರ ನೋಡ್ತೀನಿ. ಕ್ಲಿಪ್ 99 ತೋರಿಸಿದಾಗಲೇ "ಜಾಸ್ತಿ ಆಯ್ತು, ಇಳಿಸು" ಅಂತ ಹೇಳುತ್ತಿತ್ತು. ನನಗೆ ಓದಲು ಬರಲಿಲ್ಲ, ಅಷ್ಟೇ. ಇಂಥ ರೋಗಿಗಳಿಗೆ ಗುರಿ 88ರಿಂದ 92. ಉಳಿದ ಬಹುತೇಕರಿಗೆ 94ರಿಂದ 98. ಬ್ರಿಟನ್ನಿನ ಎದೆರೋಗ ತಜ್ಞರ ಸಂಘ 2008ರಲ್ಲೇ ಈ ಅಂಕಿಗಳನ್ನು ಮಾರ್ಗಸೂಚಿಯಲ್ಲಿ ಹಾಕಿತು. ಆಮೇಲೆ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲೇ ಒಂದು ಪರೀಕ್ಷೆ ಮಾಡಿದರು. ಫಲಿತಾಂಶ ಹೊರಬಂದದ್ದು 2010ರಲ್ಲಿ. ಉಸಿರಾಟದ ತೊಂದರೆಯ 405 ರೋಗಿಗಳು. ಒಂದು ಗುಂಪಿಗೆ ಮಾಮೂಲಿಯಂತೆ ಜೋರು ಆಕ್ಸಿಜನ್, ಇನ್ನೊಂದಕ್ಕೆ 88-92ರಲ್ಲಿ ನಿಲ್ಲುವಂತೆ ಅಳೆದು ಕೊಟ್ಟದ್ದು. ಮೊದಲ ಗುಂಪಿನಲ್ಲಿ ನೂರಕ್ಕೆ 9 ಜನ ಸತ್ತರು, ಎರಡನೆಯದರಲ್ಲಿ 4. ಮಾಡಿದ್ದು ಇಷ್ಟೇ: ನಾಬ್ ತಿರುಗಿಸುವ ಮೊದಲು ಬೆರಳು ನೋಡಿದ್ದು. ಆಕ್ಸಿಜನ್ ಬಿಡುವ ಅಧಿಕಾರ ಬೇಸಿಕ್ ಇಎಂಟಿಗೆ ಇದೆ ಅಂದಮೇಲೆ, ಅದನ್ನು ಅಳೆಯುವ ಸಾಧನ "ನಮ್ಮ ಲೆವೆಲ್‌ಗೆ ಬೇಡ" ಅನ್ನುವುದು ಯಾವ ನ್ಯಾಯ? ಉಪ್ಪು ಹಾಕು, ರುಚಿ ನೋಡಬೇಡ ಅಂದಹಾಗಾಯ್ತು.

ಎದೆನೋವಿಗೂ ಅಷ್ಟೇ. ಹಿಂದೆ ಹಾರ್ಟ್ ಅಟ್ಯಾಕ್ ಅಂದ ತಕ್ಷಣ ಮಾಸ್ಕ್ ಹಾಕುತ್ತಿದ್ದೆವು. ಸ್ವೀಡನ್ನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಹೊರಬಂತು. ಆಕ್ಸಿಜನ್ ಮಟ್ಟ 90 ಅಥವಾ ಮೇಲಿದ್ದವರಿಗೆ ಮಾಸ್ಕ್ ಹಾಕಿದ್ದರಿಂದ ಸಾವು ಕಡಿಮೆ ಆಗಲಿಲ್ಲ. ಈಗ 90ಕ್ಕಿಂತ ಕೆಳಗಿದ್ದರೆ ಮಾತ್ರ ಕೊಡಿ ಅನ್ನುತ್ತಾರೆ. ನಿಮ್ಮ ಸೇವೆಗೆ ವೈದ್ಯರು ಬರೆದುಕೊಟ್ಟ ಪ್ರೋಟೋಕಾಲ್ ಇದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನು ಹಿರಿಯರ ಮಾತಿನಲ್ಲಿರುವ ನಿಜಕ್ಕೆ ಬರೋಣ. ಆ ಕ್ಲಿಪ್ ನೋಡುವುದು ಏನನ್ನು ಅಂತ ತಿಳಿದರೆ, ಎಲ್ಲಿ ಸುಳ್ಳು ಹೇಳುತ್ತದೆ ಅನ್ನುವುದು ತಾನೇ ಹೊಳೆಯುತ್ತದೆ. ಜಪಾನಿನ ತಕುವೊ ಅವೋಯಗಿ ಅನ್ನುವ ಎಂಜಿನಿಯರ್ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯ ಅದು. (ಕೋವಿಡ್‌ನಲ್ಲಿ ಮನೆಮನೆಗೂ ಅವರ ಉಪಾಯ ಹೋಗುವ ಹೊತ್ತಿಗೇ, 2020ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು.) ಬೆರಳಿನ ಮೂಲಕ ಎರಡು ಬೆಳಕು ಹಾಯುತ್ತವೆ. ಒಂದು ಕೆಂಪು, ಸುಮಾರು 660 ನ್ಯಾನೊಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940. ಆಕ್ಸಿಜನ್ ಹೊತ್ತ ರಕ್ತ, ಹೊತ್ತಿರದ ರಕ್ತ ಈ ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಾಗ ಆಗುವ ಬದಲಾವಣೆಯಿಂದ ಲೆಕ್ಕ ಹಾಕುತ್ತದೆ. ಅಂದರೆ ಅದು ಹೇಳುವುದು ಒಂದೇ ಮಾತು: ರಕ್ತದಲ್ಲಿ ಆಕ್ಸಿಜನ್ ಹೊರುವ, ಇರುವಷ್ಟು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ತುಂಬಿದೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. ಉಸಿರಾಟ ಹೇಗಿದೆ ಅಂತಲೂ ಗೊತ್ತಿಲ್ಲ.

ಹಾಗಾಗಿ ಹೆರಿಗೆಯಾಗಿ ರಕ್ತ ಸುರಿಯುತ್ತಿರುವ ಹೆಂಗಸಿಗೆ 98 ಬಂದರೆ ಸಮಾಧಾನ ಪಡಬೇಡಿ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಮೊದಲೇ ರಕ್ತಹೀನತೆ. ಬಸ್ಸಿನಲ್ಲಿ ಇರುವುದೇ ಹತ್ತು ಸೀಟು, ಹತ್ತೂ ಭರ್ತಿ ಅಂದರೆ ನೂರಕ್ಕೆ ನೂರೇ ತಾನೆ? ಆದರೆ ಹೋದವರು ಹತ್ತೇ ಜನ.

ಎಲ್ಲಕ್ಕಿಂತ ದೊಡ್ಡ ಸುಳ್ಳು ಕಾರ್ಬನ್ ಮೊನಾಕ್ಸೈಡ್‌ನದ್ದು. ಬೆಂಗಳೂರಿನ ಕಡೆ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್, ನಮ್ಮ ಕಡೆ ಚಳಿಗೆ ಬಾಗಿಲು ಹಾಕಿ ಒಳಗಿಟ್ಟ ಕೆಂಡ. ಆ ವಿಷಗಾಳಿ ಹಿಡಿದ ರಕ್ತವೂ ಈ ಎರಡು ಬೆಳಕಿಗೆ ಆಕ್ಸಿಜನ್ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿರುತ್ತಾನೆ, ಕ್ಲಿಪ್ 99 ಅನ್ನುತ್ತದೆ. ಇಲ್ಲಿ ಮೇಲೆ ಹೇಳಿದ ಮಿತವೆಲ್ಲ ಮರೆತುಬಿಡಿ. ಮೊದಲು ಬಾಗಿಲು ತೆಗೆದು ಹೊರಗೆ ಎಳೆಯಿರಿ (ನೀವೂ ಒಳಗೆ ನಿಲ್ಲಬೇಡಿ). ನಂಬರ್ ಎಷ್ಟೇ ಇರಲಿ ದೊಡ್ಡ ಮಾಸ್ಕ್, ಪೂರ್ತಿ ಆಕ್ಸಿಜನ್. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ತಲೆನೋವು, ವಾಂತಿ ಅಂದರೆ ಗೀಸರ್ ಎಲ್ಲಿದೆ ಅಂತ ಒಮ್ಮೆ ಕೇಳಿ.

ಹಾವು ಕಚ್ಚಿದವರ ವಿಷಯಕ್ಕೆ ಬಂದರೆ ಸುಳ್ಳಲ್ಲ, ತಡ. ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನು ಸುಸ್ತು ಮಾಡುತ್ತಾ ಬರುತ್ತದೆ. ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಆಳಕ್ಕಿಳಿಯದೆ ಮೇಲುಮೇಲಕ್ಕೇ ಆಡುತ್ತದೆ. ಅಷ್ಟಾದರೂ 97, 98 ಇರಬಹುದು. ಅದರಲ್ಲೂ ನೀವು ಆಕ್ಸಿಜನ್ ಹಾಕಿಬಿಟ್ಟಿದ್ದರೆ ನಂಬರ್ ಇನ್ನೂ ಹೊತ್ತು ಚೆನ್ನಾಗಿಯೇ ಇರುತ್ತದೆ. ಇಳಿಯಲು ಶುರುವಾದಾಗ ಕೈಮೀರಿರುತ್ತದೆ. ನಾನು ಇಂಥವರನ್ನು ದಾರಿಯುದ್ದಕ್ಕೂ ಮಾತಾಡಿಸುತ್ತಿರುತ್ತೇನೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಣಿಸಲು ಹೇಳುತ್ತೇನೆ. ಹೊರಟಾಗ ಇಪ್ಪತ್ತೈದಕ್ಕೆ ಹೋದವನು ಅರ್ಧ ದಾರಿಯಲ್ಲಿ ಹನ್ನೆರಡಕ್ಕೆ ನಿಂತರೆ ಬ್ಯಾಗ್ ಮಾಸ್ಕ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಗೆ ಬರುತ್ತದೆ, ಕ್ಲಿಪ್ ಏನಾದರೂ ಅನ್ನಲಿ. ಕಳೆನಾಶಕ, ಕೀಟನಾಶಕ ಕುಡಿದವರಲ್ಲೂ ನಂಬರ್‌ಗಿಂತ ಉಸಿರಾಟದ ಮೇಲೇ ಕಣ್ಣಿರಲಿ.

ನಂಬರ್ ಇಳಿಯುವ ರೀತಿಯೂ ತಿಳಿದಿರಲಿ. ಹಾಸನದಿಂದ ಸಕಲೇಶಪುರದವರೆಗೆ ರಸ್ತೆ ಹೆಚ್ಚುಕಡಿಮೆ ಸಮ, ಆಮೇಲೆ ಒಮ್ಮೆಗೇ ಘಾಟಿ ಅಲ್ವಾ? ಇದೂ ಹಾಗೇ. 98ರಿಂದ 93ಕ್ಕೆ ಬರುವುದು ಸಮ ರಸ್ತೆ. 90 ಅಂದರೆ ಘಾಟಿಯ ತಲೆ. ಅಲ್ಲಿಂದಾಚೆ ಉರುಳುವುದು ಬೇಗ.

ಇನ್ನೊಂದು ವಿಷಯ ನಮ್ಮ ಜನಕ್ಕೆ ಹತ್ತಿರದ್ದು. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜದಲ್ಲಿ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕಪ್ಪು ಜನರಲ್ಲಿ ಸುಮಾರು 12. ಬಿಸಿಲಲ್ಲಿ ದುಡಿದ ಕೈಗೆ 92 ಬಂದು, ಮನುಷ್ಯ ಪೂರ್ತಿ ವಾಕ್ಯ ಮಾತಾಡಲು ಆಗದೆ ಇದ್ದರೆ ನಾನು ಆ 92ನ್ನು ನಂಬುವುದಿಲ್ಲ.

ಈಗ ಬಳಸುವ ರೀತಿ. ಕ್ಲಿಪ್ ಜೇಬಿನಿಂದ ತೆಗೆಯುವ ಮೊದಲು ಉಸಿರು ಎಣಿಸಿ, ಕೈಯಿಂದ ನಾಡಿ ಹಿಡಿಯಿರಿ. ಇದು ಹಿರಿಯರಿಗೆ ಗೌರವ ತೋರಿಸಲಿಕ್ಕಲ್ಲ. ಕ್ಲಿಪ್‌ನಲ್ಲಿ ಎರಡು ಅಂಕಿ ಬರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿ. ನೀವು ಹಿಡಿದ ನಾಡಿ 120, ಯಂತ್ರದ್ದು 70 ಅಂದರೆ ಪಕ್ಕದ ಆಕ್ಸಿಜನ್ ಅಂಕಿಯೂ ಕಸ. ನಿಮ್ಮ ಕೈಯೇ ಅದಕ್ಕೆ ಸಾಕ್ಷಿ. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ತಣ್ಣಗಾದ ಬೆರಳಿಗೆ ಏನೇನೋ ಬರುತ್ತದೆ. ಉಜ್ಜಿ ಬೆಚ್ಚಗೆ ಮಾಡಿ, ಬೇರೆ ಬೆರಳು ನೋಡಿ. ಮದುವೆ ಮನೆಯಿಂದ ಬಂದವರಾದರೆ ನೇಲ್ ಪಾಲಿಶ್, ಗಾಢ ಮೆಹಂದಿ ಇಲ್ಲದ ಬೆರಳು ಹುಡುಕಿ. ಬಿಪಿ ಪಟ್ಟಿ ಕಟ್ಟಿದ ಕೈಗೆ ಹಾಕಬೇಡಿ, ಪಟ್ಟಿ ಉಬ್ಬಿದಾಗ ರಕ್ತ ನಿಂತು ಅಂಕಿ ಮಾಯ. ಹಂಪ್ಸ್ ಮೇಲೆ ಗಾಡಿ ಕುಲುಕಿದಾಗ ಬಂದ ನಂಬರ್ ಬರೆದುಕೊಳ್ಳಬೇಡಿ. ಹದಿನೈದು ಇಪ್ಪತ್ತು ಸೆಕೆಂಡ್ ಒಂದೇ ಕಡೆ ನಿಂತರೆ ಮಾತ್ರ ನಂಬಿ. ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಸಡಿಲವಾಗುತ್ತದೆ, ಅದಕ್ಕೆ ಮಕ್ಕಳ ಅಳತೆಯ ಬೇರೆ ಕ್ಲಿಪ್ ಬೇಕು. ಹೃದಯ ನಿಂತಿದ್ದರೆ ಕ್ಲಿಪ್ ಹುಡುಕುತ್ತಾ ಕೂರಬೇಡಿ, ಎದೆ ಒತ್ತಿ.

ಆಕ್ಸಿಜನ್ ಹಾಕುವ ಮೊದಲಿನ ಅಂಕಿ ಒಂದು ಬರೆದಿಡಿ. ರೋಗಿ ನೀಲಿಗಟ್ಟಿದ್ದರೆ ಅದಕ್ಕೆ ಕಾಯಬೇಡಿ, ಆದರೆ ಸಮಯ ಇದ್ದಾಗ ಬಿಡಬೇಡಿ. ಆಸ್ಪತ್ರೆಯಲ್ಲಿ "ಸ್ಯಾಚುರೇಶನ್ 96" ಅಂದರೆ ಡಾಕ್ಟರ್‌ಗೆ ಏನೂ ತಿಳಿಯುವುದಿಲ್ಲ. "ರೂಮ್ ಏರ್‌ನಲ್ಲಿ (ಆಕ್ಸಿಜನ್ ಹಾಕದೆ) 86 ಇತ್ತು, ಉಸಿರು ನಿಮಿಷಕ್ಕೆ 34. ನಾಲ್ಕು ಲೀಟರ್ ಹಾಕಿದ ಮೇಲೆ 91, ಉಸಿರು 28, ಮಾತಾಡ್ತಿದಾರೆ" ಅನ್ನಿ. ಡಾಕ್ಟರ್ ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ, ನನ್ನ ಅನುಭವ.

ಸಿಲಿಂಡರ್ ಲೆಕ್ಕವೂ ಇದೆ. ಬಿ ಟೈಪ್ ಅನ್ನುವ ಅಳತೆಯ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. 15ರಲ್ಲಿ ಬಿಟ್ಟರೆ ನೂರು ನಿಮಿಷ, 4ರಲ್ಲಿ ಬಿಟ್ಟರೆ ಆರು ಗಂಟೆ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ನಿಂತಾಗ ಈ ವ್ಯತ್ಯಾಸ ದೊಡ್ಡದು.

ಕೊಳ್ಳುವಾಗ ಬರೀ ಅಂಕಿ ತೋರಿಸುವುದಲ್ಲ, ನಾಡಿಯ ಅಲೆಯನ್ನೂ ತೋರಿಸುವುದು ತಗೊಳ್ಳಿ. ಅಲೆ ಸರಿಯಾಗಿ ಏಳದಿದ್ದರೆ ಅಂಕಿ ನಂಬಬಾರದು ಅಂತ ಕಣ್ಣಿಗೇ ಕಾಣುತ್ತದೆ. ಕೋವಿಡ್ ಎರಡನೇ ಅಲೆಯಲ್ಲಿ ಬಾಯಿಗೆ ಬಂದ ರೇಟ್ ಇತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವ್ಯಾಪಾರಿಗಳ ಲಾಭಕ್ಕೆ ಮಿತಿ ಹಾಕಿತು. ಮೆಡಿಕಲ್ ಶಾಪ್‌ನಲ್ಲಿ ಬಿಲ್ ಹಾಕಿಸಿ ತಗೊಳ್ಳಿ, ಆಟಿಕೆ ಥರದ್ದು ಬೇಡ. ಮೊದಲು ನಿಮ್ಮ ಬೆರಳಿಗೆ, ಆಮೇಲೆ ಪೆನ್ನಿಗೆ ಹಾಕಿ ನೋಡಿ. ಪೆನ್ನಿಗೂ 98 ಅಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ!

ಸೆಲ್ ಎರಡು ಜಾಸ್ತಿ ಇಟ್ಟುಕೊಳ್ಳಿ. ನನ್ನದು ಒಮ್ಮೆ ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯ ನಡುವೆ ಆರಿತು, ರಾತ್ರಿ ಎರಡು ಗಂಟೆ. ಕೆಳಗಿಳಿಯುವವರೆಗೂ ವಾಚ್ ಹಿಡಿದು ಆ ಅಮ್ಮನ ಉಸಿರು ಎಣಿಸುತ್ತಾ ಕೂತಿದ್ದೆ.