ತಲೆ ಒಡೆಯುವಲ್ಲಿ ಶಾಂತಿ ಎಲ್ಲಿಂದ ಬಂತು?

ಮಾನ್ಯರೇ,

ಜರ್ಮನ್ ಸಂಗೀತಕಾರ ಹ್ಯಾಂಡೆಲನ ‘ದೀಕ್ಸಿತ್ ದೋಮಿನುಸ್’ ಎಂಬ ಲ್ಯಾಟಿನ್ ಮೇಳಗಾನದ ಕುರಿತ ನಿಮ್ಮ ಪ್ರಬಂಧ ತಲುಪಿತು. 1707ರ ಏಪ್ರಿಲ್‌ನಲ್ಲಿ, ರೋಮಿನಲ್ಲಿ, 22 ವರ್ಷದ ಈ ಲೂಥರನ್ (ಪ್ರಾಟೆಸ್ಟಂಟ್) ಯುವಕ ಕ್ಯಾಥೊಲಿಕರ ಸಂಜೆಯ ಪ್ರಾರ್ಥನೆಯ ಬೈಬಲ್ ಕೀರ್ತನೆಗೆ ಸಂಗೀತ ಕಟ್ಟಿ ಮುಗಿಸಿದ ಬಗೆಯನ್ನು ಎರಡನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಹೇಳಿದ್ದೀರಿ, ಮೆಚ್ಚಿಕೊಂಡೆ. ಮೂರನೆಯ ಪುಟ ಓದುವಾಗ ಮಾತ್ರ ಸಿಟ್ಟು ಬಂತೆಂಬುದನ್ನು ಮುಚ್ಚಿಡಲಾರೆ.

“ಈ ದೈವಿಕ ಗಾಯನ ನನ್ನ ಆತ್ಮವನ್ನು ಶಾಂತಿಯ ಕಡಲಿನಲ್ಲಿ ತೇಲಿಸಿತು” ಎಂದು ಬರೆದಿದ್ದೀರಿ. ಯಾವ ಸಾಲನ್ನು ಹಾಡುತ್ತಿದ್ದಾಗ ತೇಲಿದಿರಿ? ಲ್ಯಾಟಿನ್ ಬೈಬಲಿನಲ್ಲಿ 109ನೆಯದಾಗಿಯೂ ಕನ್ನಡ ಬೈಬಲಿನಲ್ಲಿ 110ನೆಯದಾಗಿಯೂ ಬರುವ ಈ ಕೀರ್ತನೆ, ನಿನ್ನ ಶತ್ರುಗಳನ್ನು ನಿನಗೆ ಪಾದಪೀಠ ಮಾಡುವೆನೆಂಬ ಮಾತಿನಿಂದಲೇ ಆರಂಭವಾಗುತ್ತದೆ.

ಮುಂದಿನ ವಾಕ್ಯ ಇನ್ನೂ ಕೆಟ್ಟದ್ದು: “ಮೇಳದವರು ಒಂದೇ ಪದವನ್ನು ಮತ್ತೆ ಮತ್ತೆ ಹಾಡಿದಾಗ ಹೂಮಳೆ ಸುರಿದಂತಾಯಿತು.” ಆ ಪದ ‘ಕೊಂಕ್ವಸ್ಸಾಬಿತ್’. ಜಜ್ಜಿಹಾಕುವನು ಎಂದು ಅದರ ಅರ್ಥ, ಜಜ್ಜಿಹೋಗುವುದು ಅನೇಕರ ತಲೆಗಳು. ಹ್ಯಾಂಡೆಲ್ ಆ ಪದವನ್ನು ಉದ್ದಕ್ಕೆ ಎಳೆಯದೆ, ಅಕ್ಷರ ಅಕ್ಷರವಾಗಿ ಒಡೆದು, ಐದು ದನಿಗಳ ಮೇಳದಿಂದ ಸುತ್ತಿಗೆಯ ಪೆಟ್ಟಿನಂತೆ ಹಾಡಿಸುತ್ತಾನೆ. ನೀವು ಕೇಳಿದ್ದು ಆ ಪೆಟ್ಟನ್ನೇ. ಬರೆಯಲು ಕುಳಿತಾಗ ಹೂವು ನೆನಪಾಗಿದೆ.

“ಕೊನೆಗೆ ಎರಡು ಹೆಣ್ಣುದನಿಗಳು ಹಾಲುಜೇನಿನಂತೆ ಬೆರೆಯುತ್ತವೆ.” ಬೆರೆಯುವುದಿಲ್ಲ, ಉಜ್ಜುತ್ತವೆ. ಒಂದು ದನಿ ತನ್ನ ಸ್ವರವನ್ನು ಹಿಡಿದು ನಿಂತಿರುವಾಗಲೇ ಇನ್ನೊಂದು ಪಕ್ಕದ ಸ್ವರಕ್ಕೆ ಬಂದು ಕೂರುತ್ತದೆ. ಷಡ್ಜ ರಿಷಭಗಳನ್ನು ಒಟ್ಟಿಗೆ ನುಡಿಸಿದಂತೆ ಕಿವಿ ನೋಯುತ್ತದೆ, ಆಮೇಲೆ ಬಿಗಿ ಸಡಿಲುತ್ತದೆ. ಕೆಳಗೆ ಗಂಡಸರು ತಗ್ಗಿದ ದನಿಯಲ್ಲಿ ಏಕಸ್ವರವಾಗಿ ಹಾಡುತ್ತಾರೆ. ದಾರಿಯ ಹಳ್ಳದಲ್ಲಿ ನೀರು ಕುಡಿದು ತಲೆಯೆತ್ತುವನು ಎಂಬುದು ಅಲ್ಲಿನ ಮಾತು. ಹಿಂದಿನ ಸಾಲಿನಲ್ಲಿ ಒಡೆದದ್ದೂ ತಲೆ, ಇಲ್ಲಿ ಮೇಲೇಳುವುದೂ ತಲೆ. ಲ್ಯಾಟಿನ್ನಿನಲ್ಲಿ ಎರಡು ಕಡೆಯೂ ಒಂದೇ ಪದ, ಮೊದಲು ಬಹುವಚನದಲ್ಲಿ, ಆಮೇಲೆ ಏಕವಚನದಲ್ಲಿ. ಇಷ್ಟು ದೊಡ್ಡ ಸಂಗತಿ ನಿಮ್ಮ ಎದುರಿಗೇ ಬಿದ್ದಿತ್ತು.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಾನು ಪತ್ರಿಕೆಗೆ ಹೊಸದಾಗಿ ಸೇರಿದಾಗ ರಾಮನವಮಿಯ ಕಚೇರಿಯೊಂದರ ವರದಿಯಲ್ಲಿ, ವಿದ್ವಾಂಸರು ಶ್ರೋತೃಗಳನ್ನು ಗಂಧರ್ವಲೋಕಕ್ಕೆ ಕೊಂಡೊಯ್ದರೆಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ “ಬಸ್ ಚಾರ್ಜು ಎಷ್ಟು?” ಎಂದು ಬರೆದು ಹಿಂತಿರುಗಿಸಿದರು. ಅವಮಾನದಿಂದ ಎರಡು ದಿನ ಅವರ ಕೋಣೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅವರೇ ಕರೆದು, ಪಲ್ಲವಿಯ ಯಾವ ಅಕ್ಷರದ ಮೇಲೆ ಗಾಯಕರು ನಿಂತರು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಅಂದು ನಾನು ಕೇಳುತ್ತಿರಲಿಲ್ಲ, ವಿಶೇಷಣಗಳನ್ನು ಹುಡುಕುತ್ತಿದ್ದೆ.

ನಿಮ್ಮ ಪ್ರಬಂಧದಲ್ಲಿ ‘ದೈವಿಕ’ ಹನ್ನೊಂದು ಸಲ ಬಂದಿದೆ. ಎಲ್ಲವನ್ನೂ ಹೊಡೆದುಹಾಕಿದ್ದೇನೆ. ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೃತಿಯನ್ನು ಇನ್ನೊಮ್ಮೆ ಕೇಳಿ, ಮೂರನೆಯ ಪುಟವನ್ನಷ್ಟೇ ಹೊಸದಾಗಿ ಬರೆದು ಕಳುಹಿಸಿ. ಎರಡನೆಯ ಪುಟವನ್ನು ಅಚ್ಚಿಗೆಂದು ನಾನೇ ಇಟ್ಟುಕೊಂಡಿದ್ದೇನೆ.

ಇಂತಿ,
ಸಂಪಾದಕ